ದಾವಣಗೆರೆಯ ಒಂದು ವಿದೇಶ ವ್ಯಾಸಂಗ ಕನ್ಸಲ್ಟೆನ್ಸಿ: ಕಾಗದಪತ್ರಕ್ಕೆ ಸೈ, ಕೋರ್ಸ್ ಆಯ್ಕೆಗೆ ಅಲ್ಲ

ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಗಳ ಕಡೆ ಓಡಾಡುವವರಿಗೆ ಟ್ಯೂಷನ್ ಬೋರ್ಡುಗಳ ನಡುವೆ ವಿದೇಶ ವ್ಯಾಸಂಗದ ಕನ್ಸಲ್ಟೆನ್ಸಿಗಳ ಬೋರ್ಡುಗಳೂ ಈಗ ಕಣ್ಣಿಗೆ ಬೀಳುತ್ತವೆ. ಅಂಥ ಒಂದು ಕಚೇರಿಯ ಸೇವೆಯನ್ನು ನನ್ನ ಅಣ್ಣನ ಮಗಳು 2025ರ ಆಗಸ್ಟ್‌ನಿಂದ ಏಳು ತಿಂಗಳ ಕಾಲ ಪಡೆದಳು. ಡಿಜಿಟಲ್ ಮಾರ್ಕೆಟಿಂಗ್ ಮತ್ತು ಅನಾಲಿಟಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬುದು ಅವಳ ಆಸೆ. ನಾನು ಇಲ್ಲಿನ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳಾದ್ದರಿಂದ ಅಣ್ಣ ಆ ಹೊಣೆಯನ್ನು ನನಗೇ ಒಪ್ಪಿಸಿದ್ದ. ಕಚೇರಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ವಿದ್ಯಾರ್ಥಿಗಳು ಹೇಳುವುದನ್ನು ಕೇಳಿದರೆ, ನಾನಿಲ್ಲಿ ವಿವರಿಸುವ ಪದ್ಧತಿಗಳು ಆ ಒಂದು ಕಚೇರಿಗಷ್ಟೇ ಸೀಮಿತವಾದವಲ್ಲ.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅದು ಸಣ್ಣದಲ್ಲ. ನಮ್ಮ ಕಡೆಯ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ ಅಪ್ಪನ ಹೆಸರಾಗಿಯೋ ಊರಿನ ಹೆಸರಾಗಿಯೋ ಬಿಡಿಸಿಕೊಂಡು ಉಪನಾಮದ ಜಾಗಕ್ಕೆ ಹೋಗಿ ಕೂರುತ್ತದೆ. ಹೊರದೇಶದ ಪ್ರವೇಶ ವಿಭಾಗದವರಿಗೆ ಇವೆರಡೂ ಬೇರೆ ಬೇರೆ ಮನುಷ್ಯರ ದಾಖಲೆಗಳಂತೆ ಕಾಣಬಹುದು. ಇದನ್ನು ಆ ಕಚೇರಿಯ ಹುಡುಗಿ ಮೊದಲ ದಿನವೇ ಕಡತ ತಿರುವಿ ಗುರುತಿಸಿ, ನೋಟರಿ ಮುಂದೆ ಮಾಡಿಸಬೇಕಾದ ಪ್ರಮಾಣಪತ್ರದ ಒಕ್ಕಣೆಯನ್ನೂ ಬರೆದುಕೊಟ್ಟಳು. ಟ್ರಾನ್ಸ್‌ಕ್ರಿಪ್ಟ್‌ಗಾಗಿ ತೋಳಹುಣಸೆಯ ಶಿವಗಂಗೋತ್ರಿಗೆ, ಅಂದರೆ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ, ಹೋಗುವ ಮುನ್ನ ಯಾವ ಸೆಮಿಸ್ಟರಿನ ಅಂಕಪಟ್ಟಿಯ ಎಷ್ಟು ಪ್ರತಿ ಒಯ್ಯಬೇಕು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಎರಡು ವರ್ಷವಷ್ಟೇ ಮಾನ್ಯತೆ ಇರುವುದರಿಂದ ಪರೀಕ್ಷೆಯನ್ನು ಯಾವಾಗ ಬರೆದರೆ ಒಳ್ಳೆಯದು, ಬ್ಯಾಂಕಿನ ಪತ್ರದಲ್ಲಿ ಯಾವ ದಿನಾಂಕ ಇರಬೇಕು ಎಂಬುದನ್ನೆಲ್ಲ ಅವರು ತಡವರಿಸದೆ ಹೇಳಿದರು. ಈ ಕೆಲಸಕ್ಕೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ.

ತೊಡಕು ಶುರುವಾದದ್ದು ಕೋರ್ಸಿನ ಆಯ್ಕೆಯಲ್ಲಿ. 5,000 ರೂಪಾಯಿ ನೋಂದಣಿ ಶುಲ್ಕ ಬಿಟ್ಟರೆ ಉಳಿದ ಸೇವೆಯೆಲ್ಲ ಉಚಿತ ಎಂದು ಅವರು ಹೇಳಿದಾಗ ನನಗೆ ಸಂತೋಷವಾಗಿತ್ತು. ಅಣ್ಣನಿಗೆ ಮಾತ್ರ ಅನುಮಾನ ಬಂತು. ಮಂಡಿಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದವನು, "ಪುಕ್ಕಟೆ ಅಂದ್ರೆ ದಲಾಲಿ ಆ ಕಡೆಯಿಂದ ಬರ್ತದೆ ಅಂತ ಅರ್ಥವಮ್ಮ" ಎಂದ. ವಿಚಾರಿಸಿದರೆ ಅದೇ ನಿಜ. ವಿದ್ಯಾರ್ಥಿಯೊಬ್ಬ ಸೇರಿದರೆ ವಿಶ್ವವಿದ್ಯಾಲಯವು ಏಜೆಂಟರಿಗೆ ಕಮಿಷನ್ ಕೊಡುತ್ತದೆ. ಇದು ಗುಟ್ಟೇನೂ ಅಲ್ಲ, ಅಕ್ರಮವೂ ಅಲ್ಲ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ತಮ್ಮ ಏಜೆಂಟರ ಪಟ್ಟಿಯನ್ನು ದೇಶವಾರು ತಮ್ಮ ಜಾಲತಾಣದಲ್ಲೇ ಹಾಕಿರುತ್ತವೆ. ಅಮೆರಿಕದ ಕಾನೂನಿನದು ಇನ್ನೂ ಸ್ವಾರಸ್ಯದ ಸಂಗತಿ: ಅಲ್ಲಿಯ ಸರ್ಕಾರದ ವಿದ್ಯಾರ್ಥಿ ನೆರವನ್ನು ಪಡೆಯುವ ಕಾಲೇಜುಗಳು ವಿದ್ಯಾರ್ಥಿಗಳನ್ನು ಕರೆತಂದವರಿಗೆ ತಲೆಗಿಷ್ಟು ಎಂದು ಹಣ ಕೊಡಬಾರದೆಂಬ ನಿಷೇಧ 1992ರಿಂದ ಇದೆ, ಆದರೆ ಪರದೇಶದಲ್ಲಿ ನೆಲೆಸಿರುವ ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ಆ ನಿಷೇಧಕ್ಕೆ ವಿನಾಯಿತಿ ಕೊಡಲಾಗಿದೆ. ನಮ್ಮ ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ದಲಾಲರು ಯಾರ ಪರ ಎಂಬುದು ರೈತನಿಗೂ ಖರೀದಿದಾರನಿಗೂ ಗೊತ್ತಿರುತ್ತದೆ. ಇಲ್ಲಿ ನಾವೇ ಕೇಳುವವರೆಗೆ ಅದನ್ನು ಯಾರೂ ಹೇಳಲಿಲ್ಲ.

ಆ ಕಚೇರಿ ಕೊಟ್ಟ ಪಟ್ಟಿಯಲ್ಲಿ ಆರು ಕೋರ್ಸುಗಳಿದ್ದವು, ಆರೂ ಬ್ರಿಟನ್ನಿನವು. ಅವುಗಳಲ್ಲಿ ಐದು ವಿಶ್ವವಿದ್ಯಾಲಯಗಳ ಏಜೆಂಟರ ಪಟ್ಟಿಯಲ್ಲಿ ಈ ಕಚೇರಿಯ ಮಾತೃಸಂಸ್ಥೆಯ ಹೆಸರಿತ್ತು. ಅದಕ್ಕಿಂತ ಮುಖ್ಯವಾದದ್ದು, ಹೆಸರು ಏನೇ ಇರಲಿ ಆರೂ ಕೋರ್ಸುಗಳು ಒಂದೇ ಬಗೆಯವು ಎಂಬಂತೆ ಅವರು ಮಾತಾಡಿದ್ದು. "ಮೇಡಂ, ಎಲ್ಲಾ ಡಿಜಿಟಲ್ ಮಾರ್ಕೆಟಿಂಗೇ, ನೀವು ಟೆನ್ಶನ್ ತಗೋಬೇಡಿ" ಎಂಬುದು ಕೌನ್ಸೆಲರ್ ಕೊಟ್ಟ ವಿವರಣೆ. ಹಾಗಲ್ಲ ಎಂಬುದು ಪ್ರತಿ ಕೋರ್ಸಿನ ವಿಷಯಪಟ್ಟಿಯನ್ನು ಮುದ್ರಿಸಿಕೊಂಡು, ಮನೆಯ ಊಟದ ಮೇಜಿನ ಮೇಲೆ ಪಕ್ಕಪಕ್ಕ ಹರಡಿಕೊಂಡು ಕುಳಿತಾಗ ಅರ್ಧ ಗಂಟೆಯಲ್ಲಿ ತಿಳಿಯಿತು. ಡಿಜಿಟಲ್ ಮಾರ್ಕೆಟಿಂಗ್ ಎಂಬ ಹೆಸರಿನ ಎಂಎಸ್ಸಿಗಳಲ್ಲಿ ಹೆಚ್ಚಿನವು ಗ್ರಾಹಕರ ವರ್ತನೆ, ಬ್ರ್ಯಾಂಡ್, ಬರಹ ಮತ್ತು ವಿಡಿಯೊ ತಯಾರಿ, ಸಾಮಾಜಿಕ ಜಾಲತಾಣ, ಸರ್ಚ್‌ನಲ್ಲಿ ಮೇಲೆ ಬರುವ ಉಪಾಯ ಇವುಗಳ ಸುತ್ತ ಇರುತ್ತವೆ. ಅಂಕಿ ಅಂಶದ ವಿಶ್ಲೇಷಣೆಗೆ ಅಲ್ಲಿ ಸಿಗುವುದು ಒಂದು, ಹೆಚ್ಚೆಂದರೆ ಎರಡು ಪತ್ರಿಕೆ. ಮಾರ್ಕೆಟಿಂಗ್ ಅನಾಲಿಟಿಕ್ಸ್ ಎಂಬ ಹೆಸರಿದ್ದರೆ ಸಂಖ್ಯಾಶಾಸ್ತ್ರ, ರಿಗ್ರೆಷನ್, ಗ್ರಾಹಕನೊಬ್ಬನಿಂದ ಜೀವಮಾನದಲ್ಲಿ ಬರಬಹುದಾದ ಲಾಭದ ಲೆಕ್ಕ, ಪ್ರಯೋಗ ವಿನ್ಯಾಸ, ಎಸ್‌ಕ್ಯೂಎಲ್ ಮತ್ತು ಪೈಥಾನ್ ಅಥವಾ ಆರ್ ಎಂಬ ಕಂಪ್ಯೂಟರ್ ಭಾಷೆ ಬರುತ್ತವೆ. ಬಿಸಿನೆಸ್ ಅನಾಲಿಟಿಕ್ಸ್‌ನಲ್ಲಿ ಇವೆಲ್ಲ ಇದ್ದರೂ ಮಾರುಕಟ್ಟೆಯ ಪ್ರಶ್ನೆಗಳು ಆಪ್ಷನಲ್ ಪತ್ರಿಕೆಗೆ ಸರಿದಿರುತ್ತವೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಕೋರ್ಸಿನ ಹೆಸರು ಡಿಜಿಟಲ್ ಮಾರ್ಕೆಟಿಂಗ್ ಸ್ಟ್ರಾಟಜಿ. ಅಮೆರಿಕದ ಬೆಂಟ್ಲಿ ವಿಶ್ವವಿದ್ಯಾಲಯದ್ದು ಮಾರ್ಕೆಟಿಂಗ್ ಅನಾಲಿಟಿಕ್ಸ್. ಇವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಲಾಗದು.

ಹೆಸರಿನ ಈ ವ್ಯತ್ಯಾಸದ ಪರಿಣಾಮ ಪಾಠದ ಕೋಣೆಗೆ ಮುಗಿಯುವುದಿಲ್ಲ. ಅಮೆರಿಕದಲ್ಲಿ ಪದವಿ ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಅವಕಾಶವಿದ್ದು, ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮತ್ತೆ 24 ತಿಂಗಳ ವಿಸ್ತರಣೆಗೆ ಅರ್ಜಿ ಹಾಕಬಹುದು. ಅದನ್ನು ನಿರ್ಧರಿಸುವುದು ವಿಶ್ವವಿದ್ಯಾಲಯವು ಕೋರ್ಸಿಗೆ ಕೊಟ್ಟಿರುವ ಸಂಕೇತ ಸಂಖ್ಯೆ. ಬಿಸಿನೆಸ್ ಅನಾಲಿಟಿಕ್ಸ್‌ನ 30.7102, ವ್ಯವಹಾರ ಸಂಖ್ಯಾಶಾಸ್ತ್ರದ 52.1302 ಆ ಪಟ್ಟಿಯಲ್ಲಿವೆ. ಸಾಮಾನ್ಯ ಮಾರ್ಕೆಟಿಂಗ್‌ನ 52.1401 ಇಲ್ಲ. ಹಾಗಾಗಿ ಮಾರ್ಕೆಟಿಂಗ್ ಹೆಸರಿನ ಎರಡು ಕೋರ್ಸುಗಳಲ್ಲಿ ಒಂದನ್ನು ಓದಿದವಳಿಗೆ ಒಂದು ವರ್ಷ, ಇನ್ನೊಂದನ್ನು ಓದಿದವಳಿಗೆ ಮೂರು ವರ್ಷ ಸಿಗುವ ಸಾಧ್ಯತೆ ಇದೆ. ನಮ್ಮ ಹುಡುಗಿಗೆ ಅಮೆರಿಕದ ದಾರಿ ಬೇರೆ ಕಾರಣಕ್ಕೆ ಕಿರಿದಾಯಿತು: ಅವಳು 2018ರಲ್ಲಿ ಬಿ.ಕಾಂ. ಸೇರಿ 2021ರಲ್ಲಿ ಮುಗಿಸಿದವಳು, ಅಂದರೆ ಮೂರು ವರ್ಷದ ಪದವಿ, ಮತ್ತು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದ್ದಾರಾದ್ದರಿಂದ ಈಗ ಓದುತ್ತಿರುವ ನನ್ನ ವಿದ್ಯಾರ್ಥಿಗಳಿಗೂ ಇದೇ ಪ್ರಶ್ನೆ ಎದುರಾಗಲಿದೆ. ಬ್ರಿಟನ್, ಐರ್ಲೆಂಡುಗಳಲ್ಲಿ ಸಾಮಾನ್ಯವಾಗಿ ಈ ಅಡ್ಡಿ ಇಲ್ಲ.

ಬ್ರಿಟನ್ನಿನ ವಿಷಯದಲ್ಲಿ ಕಚೇರಿಯವರು ಹೇಳದೆ ಬಿಟ್ಟ ಒಂದು ಮಾತಿನಿಂದ ನನಗೆ ನಿಜಕ್ಕೂ ಬೇಸರವಾಯಿತು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲಿರಬಹುದು ಎಂದು ಅವರ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಆದರೆ 2027ರ ಜನವರಿ 1ರಿಂದ ಆ ವೀಸಾಕ್ಕೆ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಅವಧಿ 18 ತಿಂಗಳಿಗೆ ಇಳಿಯುತ್ತದೆ. 2026ರ ಸೆಪ್ಟೆಂಬರಿನಲ್ಲಿ ಒಂದು ವರ್ಷದ ಕೋರ್ಸಿಗೆ ಸೇರುವವಳು ಅರ್ಜಿ ಹಾಕುವುದು ಆ ದಿನಾಂಕದ ನಂತರವೇ ಎಂಬುದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ. ಇದನ್ನು ನಾನು ಡಿಸೆಂಬರಿನಲ್ಲಿ ಎತ್ತಿದಾಗ, ಕೈಪಿಡಿ ಹಳೆಯದು ಎಂದು ಒಪ್ಪಿಕೊಂಡರು. ಆದರೂ ಮುಂದಿನ ವಾರ ಅದೇ ಕೈಪಿಡಿ ಇನ್ನೊಬ್ಬ ಪೋಷಕರ ಕೈಯಲ್ಲಿತ್ತು. ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕವೂ ಅವರ ಖರ್ಚಿನ ಅಂದಾಜಿನಲ್ಲಿ ಇರಲಿಲ್ಲ. ಐರ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರು ಒಟ್ಟು 24 ತಿಂಗಳವರೆಗೆ ಉಳಿಯಬಹುದು ಎಂಬುದನ್ನು ನಾವೇ ಹುಡುಕಿಕೊಂಡೆವು, ಏಕೆಂದರೆ ಅವರ ಪಟ್ಟಿಯಲ್ಲಿ ಐರ್ಲೆಂಡೇ ಇರಲಿಲ್ಲ.

ದೇಶದೊಳಗಿನ ದಾರಿಗಳ ಬಗ್ಗೆ ಅವರಿಗೆ ಆಸಕ್ತಿ ಇರದಿದ್ದುದು ಸಹಜ. ದಾವಣಗೆರೆ ವಿಶ್ವವಿದ್ಯಾನಿಲಯದಲ್ಲೇ ಎಂಬಿಎ ಇದೆ, ಪಿಜಿಸಿಇಟಿ ಬರೆದು ಸೇರಬಹುದು. ಅಹಮದಾಬಾದಿನಲ್ಲಿ 1991ರಲ್ಲಿ ಆರಂಭವಾದ ಮೈಕಾ ಈ ಕ್ಷೇತ್ರಕ್ಕೇ ಹೆಸರಾದದ್ದು, ಅದಕ್ಕೆ ಮೈಕ್ಯಾಟ್ ಎಂಬ ಪ್ರತ್ಯೇಕ ಪರೀಕ್ಷೆ ಇದೆ. ಮನೆಯಲ್ಲೇ ಕೂತು ಆನ್‌ಲೈನ್ ಎಂಬಿಎ ಮಾಡುವುದಾದರೆ ಆ ವಿಶ್ವವಿದ್ಯಾಲಯಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ (ಡೆಬ್) ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ನೋಡಿಕೊಳ್ಳಬೇಕು. ಅಂಥ ಕೋರ್ಸಿಗೆ ಸೇರುವ ವಿದ್ಯಾರ್ಥಿ ಈಗ ತನ್ನ ಹೆಸರಿನಲ್ಲಿ ಡೆಬ್ ಐಡಿ ಮಾಡಿಸಿಕೊಳ್ಳುವುದೂ ಕಡ್ಡಾಯ.

ಪಠ್ಯ ಹಳತೋ ಹೊಸತೋ ಎಂದು ಅಳೆಯಲು ನಾವೇ ಒಂದು ಸುಲಭದ ಪರೀಕ್ಷೆ ಕಂಡುಕೊಂಡೆವು. ಗೂಗಲ್‌ನ ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ (ಜಾಲತಾಣಕ್ಕೆ ಬರುವವರ ಲೆಕ್ಕ ಇಡುವ ಸಾಧನ) 2023ರ ಜುಲೈ 1ರಂದು ಸಾಮಾನ್ಯ ಖಾತೆಗಳಲ್ಲಿ ಹೊಸ ದತ್ತಾಂಶ ಸ್ವೀಕರಿಸುವುದನ್ನು ನಿಲ್ಲಿಸಿತು. ಅದರ ಜಾಗದಲ್ಲಿ ಈಗ ಇರುವುದು ಜಿಎ4. ಅದಾದ ಮೇಲೂ ಯೂನಿವರ್ಸಲ್ ಅನಾಲಿಟಿಕ್ಸ್ ಕಲಿಸುತ್ತೇವೆ ಎಂದು ವಿಷಯಪಟ್ಟಿಯಲ್ಲಿ ಬರೆದುಕೊಂಡಿದ್ದರೆ ಆ ಪಟ್ಟಿಯನ್ನು ಯಾರೂ ಕಣ್ಣಾಡಿಸಿಲ್ಲ ಎಂದೇ ಅರ್ಥ. ಆರರಲ್ಲಿ ಒಂದು ಕೋರ್ಸು ಇಲ್ಲೇ ಬಿತ್ತು. ಎರಡನೆಯ ಪರೀಕ್ಷೆ ಇನ್ನೂ ಕಠಿಣ. ಆಪಲ್ 2021ರ ಏಪ್ರಿಲ್‌ನಲ್ಲಿ, ಬೇರೆ ಕಂಪನಿಗಳ ಆ್ಯಪುಗಳಲ್ಲೂ ಜಾಲತಾಣಗಳಲ್ಲೂ ಬಳಕೆದಾರನ ಜಾಡು ಹಿಡಿಯಬೇಕಾದರೆ ಮೊದಲು ಅವನ ಅನುಮತಿ ಕೇಳಬೇಕೆಂಬ ನಿಯಮ ತಂದಿತು. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಒಬ್ಬೊಬ್ಬ ಗ್ರಾಹಕನ ಹೆಜ್ಜೆಯನ್ನು ಎಣಿಸುವ ಹಳೆಯ ದಾರಿ ಹೀಗೆ ಕಿರಿದಾಗುತ್ತಿರುವಾಗ, ಊರನ್ನೋ ವಾರವನ್ನೋ ಘಟಕವಾಗಿಟ್ಟುಕೊಂಡು ಪ್ರಯೋಗ ಮಾಡುವುದನ್ನೂ, ಒಟ್ಟು ಖರ್ಚು ಮತ್ತು ಒಟ್ಟು ಮಾರಾಟದ ಸಂಬಂಧವನ್ನು ಮಾದರಿಯಾಗಿ ಕಟ್ಟುವುದನ್ನೂ ಒಂದು ಕೋರ್ಸು ಕಲಿಸುತ್ತದೆಯೇ ಎಂಬುದು ನಮ್ಮ ಪ್ರಶ್ನೆಯಾಗಿತ್ತು. ಉಳಿದ ಐದರಲ್ಲಿ ಎರಡರಲ್ಲಿ ಮಾತ್ರ ಅದಿತ್ತು.

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಹೇಳದಿದ್ದರೆ, ತಾನು ಏಕೆ ಓದಬಯಸುತ್ತೇನೆಂದು ವಿದ್ಯಾರ್ಥಿ ಅರ್ಜಿಯ ಜೊತೆ ಬರೆದುಕೊಡುವ ಎಸ್‌ಒಪಿಯ ಕಥೆ ಅರ್ಥವಾಗದು. ಪದವಿ ಮುಗಿದ ಮೇಲೆ ಹುಡುಗಿ ಅಂಗಡಿಯ ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಬಿಸಿನೆಸ್, ಪುಟ್ಟ ಜಾಲತಾಣ ಇಷ್ಟನ್ನೂ ನೋಡಿಕೊಳ್ಳುತ್ತಿದ್ದಳು. ಹಬ್ಬ ಬಂದಾಗ ಫೇಸ್‌ಬುಕ್ಕಿನ ಜಾಹೀರಾತಿಗೆ ಅಣ್ಣ ಗೊಣಗುತ್ತಲೇ ದುಡ್ಡು ಕೊಡುತ್ತಿದ್ದ. ಜಾಹೀರಾತಿನ ವರದಿಯಲ್ಲಿ ಮಾರಾಟವೆಲ್ಲ ತನ್ನಿಂದಲೇ ಆಯಿತು ಎಂಬಂತೆ ಲೆಕ್ಕ ಬರುತ್ತಿತ್ತು. "ಅಪ್ಪಾಜಿ, ಹೆಂಗಿದ್ರೂ ನಮ್ಮ ಅಂಗಡಿಗೇ ಬರೋರಿಗೆ ನಾವು ಜಾಹೀರಾತು ತೋರಿಸ್ತಾ ಇದ್ದೀವೋ ಏನೋ" ಎಂದು ಅವಳಿಗೆ ಸಂಶಯ. 2024ರ ದೀಪಾವಳಿಗೆ ಹರಿಹರ, ಹೊನ್ನಾಳಿಗಳಲ್ಲಿ ಜಾಹೀರಾತು ಓಡಿಸಿ, ಚನ್ನಗಿರಿ, ಜಗಳೂರುಗಳಲ್ಲಿ ನಿಲ್ಲಿಸಿ, ನಾಲ್ಕೂ ಕಡೆಯ ಆರ್ಡರುಗಳನ್ನು ಹಿಂದಿನ ವರ್ಷದ ಅದೇ ಎರಡು ವಾರಗಳ ಜೊತೆ ಹೋಲಿಸಿದಳು. ಏರಿಕೆ ನಾಲ್ಕೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ನಾಲ್ಕು ಊರಿನಿಂದ ಏನನ್ನೂ ಸಾಧಿಸಿದಂತಾಗದು, ಒಂದು ಕಡೆ ಮಳೆ ಬಂದಿದ್ದರೂ ಲೆಕ್ಕ ತಲೆಕೆಳಗಾಗುತ್ತದೆ ಎಂದು ಅವಳೇ ಟಿಪ್ಪಣಿ ಬರೆದಿಟ್ಟಿದ್ದಳು. ಆ ಟಿಪ್ಪಣಿಯಿಂದಲೇ ಅವಳಿಗೆ ಮುಂದೆ ಓದುವ ಹಂಬಲ ಹುಟ್ಟಿದ್ದು.

ಅವಳು ಬರೆದ ಎಸ್‌ಒಪಿ ಈ ಪ್ರಯೋಗದಿಂದ ಆರಂಭವಾಗಿ, ತನಗೆ ಏನು ಗೊತ್ತಿಲ್ಲ ಎಂಬಲ್ಲಿಗೆ ಬಂದು, ಆ ಕೋರ್ಸಿನ ಯಾವ ಪತ್ರಿಕೆ ಅದನ್ನು ಕಲಿಸಬಲ್ಲದು ಎಂದು ಹೇಳಿ ಮುಗಿಯುತ್ತಿತ್ತು. ಕಚೇರಿಯಿಂದ ತಿದ್ದಿ ಬಂದ ಪ್ರತಿಯಲ್ಲಿ ಹರಿಹರವೂ ಇರಲಿಲ್ಲ, ಜಗಳೂರೂ ಇರಲಿಲ್ಲ. ಚಿಕ್ಕಂದಿನಿಂದಲೂ ತಂತ್ರಜ್ಞಾನದ ಬಗ್ಗೆ ತನಗೆ ಅಪಾರ ಒಲವು ಎಂಬ ವಾಕ್ಯದಿಂದ ಅದು ಶುರುವಾಗುತ್ತಿತ್ತು. ಹಿಂದಿನ ವರ್ಷ ನನ್ನಿಂದ ಶಿಫಾರಸು ಪತ್ರ ಪಡೆದ ಇಬ್ಬರು ವಿದ್ಯಾರ್ಥಿಗಳ ಎಸ್‌ಒಪಿಯನ್ನು ನಾನು ಓದಿದ್ದೆ. ಅವೂ ಹಾಗೆಯೇ ಶುರುವಾಗಿದ್ದವು, ಅವರಲ್ಲಿ ಒಬ್ಬ ಫೈನಾನ್ಸ್ ಓದಲು ಹೋದವನು. ಕೇಳಿದಾಗ ಕೌನ್ಸೆಲರ್, "ಅಂಗಡಿ ವಿಷಯ ಲೋಕಲ್ ಆಗ್ತದೆ ಮೇಡಂ, ಪ್ರೊಫೆಷನಲ್ ಆಗಿ ಇರ್ಲಿ" ಎಂದರು. ಅರ್ಜಿಗಳ ರಾಶಿಯಲ್ಲಿ ಒಂದನ್ನು ಇನ್ನೊಂದರಿಂದ ಬೇರೆಯಾಗಿಸಬಲ್ಲ ಒಂದೇ ಒಂದು ಸಂಗತಿಯನ್ನು ತೆಗೆದುಹಾಕಿ ಅದಕ್ಕೆ ತಿದ್ದುಪಡಿ ಎಂದು ಹೆಸರಿಟ್ಟದ್ದನ್ನು ನನಗೆ ಈಗಲೂ ಕ್ಷಮಿಸಲಾಗುತ್ತಿಲ್ಲ. ನಾವು ಮೂಲ ಪ್ರತಿಯನ್ನೇ ಉಳಿಸಿಕೊಂಡೆವು. ನಾನು ವ್ಯಾಕರಣವನ್ನಷ್ಟೇ ನೋಡಿದೆ.

ಶಿಫಾರಸು ಪತ್ರದ ವಿಷಯ ನನ್ನ ವೃತ್ತಿಗೆ ಸಂಬಂಧಿಸಿದ್ದು. ಅತ್ತೆಯಾದ ನಾನು ಬರೆಯುವುದು ಸರಿಯಲ್ಲವಾದ್ದರಿಂದ ಅವಳಿಗೆ ಸಂಖ್ಯಾಶಾಸ್ತ್ರ ಕಲಿಸಿದ ಸಹೋದ್ಯೋಗಿಯನ್ನು ಕೇಳಿದ್ದಳು. ಅವರು ಒಪ್ಪುವುದಕ್ಕೂ ಮೊದಲೇ ಕಚೇರಿಯಿಂದ ಅವರಿಗೆ ಸಿದ್ಧ ಪತ್ರವೊಂದು ಬಂತು, ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಹಾಕಿ ಸಹಿ ಮಾಡಿದರೆ ಸಾಕು ಎಂಬ ಸೂಚನೆಯೊಂದಿಗೆ. ಅದರಲ್ಲಿ ಹುಡುಗಿ ತರಗತಿಯ ನಾಯಕಿಯಾಗಿದ್ದಳು, ನೃತ್ಯದಲ್ಲಿ ಬಹುಮಾನ ಪಡೆದಿದ್ದಳು. ಎರಡೂ ಸುಳ್ಳು. ಸಹೋದ್ಯೋಗಿ ಅದನ್ನು ಬದಿಗಿಟ್ಟು, ಅವಳು ಒಮ್ಮೆ ತಮ್ಮ ಲೆಕ್ಕದಲ್ಲೇ ತಪ್ಪು ಹುಡುಕಿದ್ದನ್ನು ನೆನೆದು ಅರ್ಧ ಪುಟ ಬರೆದುಕೊಟ್ಟರು.

ಇನ್ನು ಇಮೇಲ್. ಅರ್ಜಿ ಹಾಕಲು ಕಚೇರಿಯವರೇ ಅವಳ ಹೆಸರಿನಲ್ಲಿ ಹೊಸ ಖಾತೆ ತೆರೆದರು, ಪಾಸ್‌ವರ್ಡ್ ಅವರ ಬಳಿಯೇ ಉಳಿಯಿತು. ವಿಶ್ವವಿದ್ಯಾಲಯದಿಂದ ಬರುವ ಪತ್ರ ತಪ್ಪಬಾರದು ಎಂಬುದು ಅವರು ಕೊಟ್ಟ ಕಾರಣ. ಜನವರಿಯಲ್ಲಿ ಬಂದ ಒಂದು ಷರತ್ತುಬದ್ಧ ಆಫರ್ ಲೆಟರ್ ಆ ಖಾತೆಯಲ್ಲಿ ಹನ್ನೊಂದು ದಿನ ಯಾರೂ ತೆರೆಯದೆ ಬಿದ್ದಿತ್ತು, ಏಕೆಂದರೆ ಆ ಖಾತೆ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದ. ವಿದ್ಯಾರ್ಥಿವೇತನಕ್ಕೆ ಉತ್ತರಿಸಬೇಕಾದ ದಿನಾಂಕ ಅಷ್ಟರಲ್ಲಿ ದಾಟಿತ್ತು. ಅವರು ಕ್ಷಮೆ ಕೇಳಿದರು, ವಿಶ್ವವಿದ್ಯಾಲಯಕ್ಕೆ ಬರೆದೂ ಬರೆದರು. ದಿನಾಂಕ ಮಾತ್ರ ಹಿಂದೆ ಬರಲಿಲ್ಲ. ಯಾವ ಕಚೇರಿಗೆ ಹೋದರೂ ಅರ್ಜಿಯಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ಸಂಖ್ಯೆ ಇರಲೇಬೇಕು ಎಂದು ನಾನೀಗ ನನ್ನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ.

ಸಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಒಂದು ಖಾಸಗಿ ಹಣಕಾಸು ಸಂಸ್ಥೆಯ ಪ್ರತಿನಿಧಿಯನ್ನು ಕರೆಸಿದ್ದರು. ಅಣ್ಣ ಅವರಿಗೆ ಕಾಫಿ ಕೊಟ್ಟು ಕಳಿಸಿ, ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಸರ್ಕಾರಿ ಬ್ಯಾಂಕಿಗೆ ಅರ್ಜಿ ಹಾಕಿಸಿದ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷ ರೂಪಾಯಿಯವರೆಗೆ ಆಸ್ತಿ ಅಡವು ಬೇಕಿಲ್ಲ. ನಮಗೆ ಅದಕ್ಕಿಂತ ಹೆಚ್ಚು ಬೇಕಿದ್ದುದರಿಂದ ಮನೆಯ ಪತ್ರ ಇಡಬೇಕಾಯಿತು.

ಒಟ್ಟು ಐದು ಅರ್ಜಿ ಹೋದವು: ಅವರ ಪಟ್ಟಿಯಲ್ಲಿ ನಮ್ಮ ಎರಡನೆಯ ಪರೀಕ್ಷೆ ದಾಟಿದ ಎರಡು ಕೋರ್ಸುಗಳಿಗೆ ಆ ಕಚೇರಿಯ ಮೂಲಕ, ಐರ್ಲೆಂಡಿನ ಮೂರಕ್ಕೆ ನಾವೇ ನೇರವಾಗಿ. ನೇರ ಅರ್ಜಿಯೊಂದಕ್ಕೆ ಮಾರ್ಚ್ ಮೊದಲ ವಾರ ಆಫರ್ ಬಂತು, ಅವಳು ಅದನ್ನೇ ಒಪ್ಪಿದಳು. ಆ ಕೋರ್ಸಿನಲ್ಲಿ ಪ್ರಯೋಗ ವಿನ್ಯಾಸಕ್ಕೆ ಕಡ್ಡಾಯ ಪತ್ರಿಕೆ ಇದೆ. ವೀಸಾ ಕಡತಕ್ಕೆ ಮತ್ತೆ ಅದೇ ಕಚೇರಿಗೆ ಹೋಗಿ ಬೇರೆ ಶುಲ್ಕ ಕಟ್ಟಿದ್ದೇವೆ, ಏಕೆಂದರೆ ಕಾಗದಪತ್ರದ ಕೆಲಸವನ್ನು ಅವರಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಕೋರ್ಸ್ ಆಯ್ಕೆಯ ಸಲಹೆಗೆ ಐದಕ್ಕೆ ಒಂದು, ಎಸ್‌ಒಪಿ ತಿದ್ದುಪಡಿಗೆ ಸೊನ್ನೆ.

ಕಳೆದ ವಾರ ಅವರ ಕಚೇರಿಯ ಮುಂದೆ ಹೊಸ ಫ್ಲೆಕ್ಸ್ ಕಟ್ಟಿದ್ದಾರೆ. ಈ ವರ್ಷ ತಮ್ಮ ಮೂಲಕ ವಿದೇಶದಲ್ಲಿ ಸೀಟು ಪಡೆದವರ ಫೋಟೊಗಳ ಎರಡನೆಯ ಸಾಲಿನಲ್ಲಿ ನಮ್ಮ ಹುಡುಗಿಯೂ ಇದ್ದಾಳೆ, ಐರ್ಲೆಂಡಿನ ಬಾವುಟದ ಜೊತೆ. ತೆಗೆಸಿರೆಂದು ಅಣ್ಣ ಫೋನ್ ಮಾಡಿದ್ದಾನೆ. ಹಬ್ಬ ಕಳೆದ ಮೇಲೆ ಹೊಸ ಫ್ಲೆಕ್ಸ್ ಹಾಕಿಸುವಾಗ ನೋಡೋಣ ಎಂದಿದ್ದಾರಂತೆ.